ಒಂದೇ ಕಾಯಿಲೆ, ಬೇರೆ ಬೇರೆ ಮುಖ: ಮೊಯಾಮೊಯಾ ಮತ್ತು ಜನಾಂಗದ ಪ್ರಶ್ನೆ

ಮಿದುಳಿಗೆ ರಕ್ತ ಒಯ್ಯುವ ನಾಳಗಳು ನಿಧಾನವಾಗಿ ಕಿರಿದಾಗುವ ಮೊಯಾಮೊಯಾ ಕಾಯಿಲೆಯ ಹತ್ತು ಆಂಜಿಯೋಗ್ರಾಮ್‌ಗಳನ್ನು, ಎಂದರೆ ರಕ್ತನಾಳಗಳ ಚಿತ್ರಗಳನ್ನು, ರೋಗಿಯ ಹೆಸರು, ದೇಶ ಮುಚ್ಚಿ ಮುಂದಿಟ್ಟರೆ, ಇದು ಜಪಾನಿನವರದು, ಇದು ಜರ್ಮನಿಯವರದು, ಇದು ಅಮೆರಿಕದ ಕಪ್ಪು ಜನಾಂಗದವರದು ಎಂದು ಯಾವ ವೈದ್ಯರೂ ವಿಂಗಡಿಸಲಾರರು. ಚಿತ್ರ ಅಷ್ಟು ಒಂದೇ ತೆರ. ಆದರೆ ಆ ಹತ್ತು ಜನರ ಕಥೆ ಕೇಳಿ ನೋಡಿ, ಅದು ಬೇರೆಯೇ ಇರುತ್ತದೆ. ಜಪಾನ್, ಕೊರಿಯಾಗಳಲ್ಲಿ ಐದಾರು ವರ್ಷದ ಮಗುವಿನಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಅದೇ ದೇಶಗಳ ನಲವತ್ತರ ಆಸುಪಾಸಿನವರಲ್ಲಿ ಮಿದುಳಿನೊಳಗೆ ರಕ್ತಸ್ರಾವವಾಗಿ ಗೊತ್ತಾಗುವುದುಂಟು. ಯುರೋಪಿನಲ್ಲಿ ಹೆಚ್ಚಿನವರು ವಯಸ್ಕ ಹೆಂಗಸರು, ಅವರಿಗೆ ಆಗುವುದು ರಕ್ತಸ್ರಾವಕ್ಕಿಂತ ಹೆಚ್ಚಾಗಿ ರಕ್ತದ ಕೊರತೆಯ ಪಾರ್ಶ್ವವಾಯು. ಅಮೆರಿಕದ ಕಪ್ಪು ಜನಾಂಗದ ಮಕ್ಕಳಲ್ಲಿ ಇದರ ಹಿಂದೆ ಬಹಳ ಸಲ ಸಿಕಲ್ ಸೆಲ್ ರಕ್ತಹೀನತೆ, ಎಂದರೆ ಕೆಂಪು ರಕ್ತಕಣದ ಆಕಾರ ಕೆಡುವ ವಂಶಪಾರಂಪರ್ಯ ಕಾಯಿಲೆ, ಇರುತ್ತದೆ.

ಈ ವ್ಯತ್ಯಾಸವನ್ನು ವೈದ್ಯಕೀಯ ಪುಸ್ತಕಗಳು ಬಹುಕಾಲ ‘ಜನಾಂಗೀಯ ವ್ಯತ್ಯಾಸ’ ಎಂಬ ಒಂದೇ ತಲೆಬರಹದಡಿ ಬರೆದು ಮುಂದಕ್ಕೆ ಹೋಗಿಬಿಟ್ಟವು. ಇವತ್ತು ನಾನು ಆ ತಲೆಬರಹದ ಕೆಳಗೆ ಏನೇನಿದೆ ಎಂದು ನಿಮ್ಮ ಜೊತೆ ಸೇರಿ ಕೆದಕಿ ನೋಡಬೇಕೆಂದಿದ್ದೇನೆ. ವ್ಯತ್ಯಾಸ ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ ಜನಾಂಗ ಎನ್ನುವುದು ಅದಕ್ಕೆ ಕಾರಣ ಎಂದುಕೊಂಡಲ್ಲೆಲ್ಲ ರೋಗಿಗಳಿಗೆ ನಷ್ಟವಾಗಿದೆ.

ಮೊದಲು ಕಾಯಿಲೆ ಏನು ಎಂದು ನೋಡೋಣ. ಕುತ್ತಿಗೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಒಳ ಕ್ಯಾರೋಟಿಡ್ ಧಮನಿಗಳಿವೆ. ಅವು ತಲೆಬುರುಡೆಯ ಒಳಹೊಕ್ಕು, ಮಿದುಳಿನ ತಳದಲ್ಲಿ ಕವಲೊಡೆಯುತ್ತವೆ. ಮೊಯಾಮೊಯಾದಲ್ಲಿ ಆ ಕವಲಿನ ಜಾಗವೇ ನಿಧಾನವಾಗಿ ಸಣ್ಣದಾಗುತ್ತ ಹೋಗುತ್ತದೆ. ಇದು ಕೊಬ್ಬು ಕಟ್ಟಿ ಆಗುವ ಕಿರಿದಾಗುವಿಕೆ ಅಲ್ಲ. ರಕ್ತನಾಳದ ಒಳಪದರದ ಜೀವಕೋಶಗಳು ಬೆಳೆದು ದಪ್ಪವಾಗುತ್ತವೆ, ನಾಳದ ಹೊರ ಅಳತೆಯೂ ಕುಗ್ಗುತ್ತದೆ. ಹೆದ್ದಾರಿ ಮುಚ್ಚಿದಾಗ ವಾಹನಗಳೆಲ್ಲ ಓಣಿಗಳಿಗೆ ನುಗ್ಗುವಂತೆ, ರಕ್ತ ಮಿದುಳಿನ ತಳದ ನೂಲಿನಂಥ ಸಣ್ಣ ನಾಳಗಳಿಗೆ ನುಗ್ಗುತ್ತದೆ. ಅವು ಹಿಗ್ಗಿ, ಹೆಣೆದುಕೊಂಡು, ಆಂಜಿಯೋಗ್ರಾಮ್‌ನಲ್ಲಿ ತೆಳು ಹೊಗೆಯಂತೆ ಕಾಣುತ್ತವೆ. ಜಪಾನಿ ಪದವಾದ ಮೊಯಾಮೊಯಾ ಎಂಬ ಹೆಸರು ಬಂದದ್ದೇ ಆ ಹೊಗೆಯಿಂದ.

ಇಲ್ಲಿಂದ ಎರಡು ದಾರಿಯಲ್ಲಿ ಅಪಾಯ ಬರುತ್ತದೆ. ಮೊದಲನೆಯದು, ರಕ್ತ ಸಾಲದೆ ಮಿದುಳಿನ ಒಂದು ಭಾಗ ಬಳಲುವುದು. ಕೈಕಾಲು ಸೋಲುತ್ತದೆ, ಮಾತು ತೊದಲುತ್ತದೆ, ಕೆಲವೇ ನಿಮಿಷಗಳಲ್ಲಿ ಸರಿಹೋಗಬಹುದು, ಸರಿಹೋಗದೆಯೂ ಇರಬಹುದು. ಎರಡನೆಯದು, ವರ್ಷಗಟ್ಟಲೆ ತಮ್ಮ ಶಕ್ತಿಗೆ ಮೀರಿ ರಕ್ತ ಹೊತ್ತ ಆ ಸಣ್ಣ ನಾಳಗಳು ಒಡೆದು ರಕ್ತಸ್ರಾವವಾಗುವುದು. ಒಂದೇ ಕಾಯಿಲೆ ರಕ್ತದ ಕೊರತೆಯನ್ನೂ ಉಂಟುಮಾಡುತ್ತದೆ, ರಕ್ತಸ್ರಾವವನ್ನೂ ಉಂಟುಮಾಡುತ್ತದೆ ಎಂಬುದನ್ನು ಗಮನದಲ್ಲಿಡಿ. ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಮಕ್ಕಳ ವಿಷಯದಲ್ಲಿ ಒಂದು ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇಲ್ಲಿ ತಾಯ್ತಂದೆಯರೂ ಶಿಕ್ಷಕರೂ ಕೂತಿದ್ದೀರಿ. ಮಗು ಜೋರಾಗಿ ಅತ್ತಾಗ, ಬಿಸಿ ಆಹಾರವನ್ನು ಊದಿ ಊದಿ ಆರಿಸಿಕೊಂಡಾಗ, ಕೊಳಲಿನಂಥ ಊದುವ ವಾದ್ಯ ನುಡಿಸಿದಾಗ ಸ್ವಲ್ಪ ಹೊತ್ತು ಕೈ ಸೋತು ಬಿದ್ದರೆ ಅದು ಈ ಕಾಯಿಲೆಯ ಬಹಳ ವಿಶಿಷ್ಟವಾದ ಲಕ್ಷಣ. ವೇಗವಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದರೆ ಮಿದುಳಿನ ರಕ್ತನಾಳಗಳು ಮುದುಡುತ್ತವೆ. ನಮಗೆ ನಿಮಗೆ ಅದರಿಂದ ಏನೂ ಆಗದು. ಮೊದಲೇ ರಕ್ತ ಅಂಚಿನಲ್ಲಿರುವ ಮಗುವಿಗೆ ಅಷ್ಟು ಸಾಕು. ‘ಹಟ ಮಾಡಿ ಬಿದ್ದುಕೊಂಡಿತು’ ಎಂದು ಗದರಿಸುವ ಮುನ್ನ ಇದನ್ನು ನೆನೆಯಿರಿ.

ಈಗ ಇತಿಹಾಸಕ್ಕೆ ಬರೋಣ. 1957ರಲ್ಲಿ ಜಪಾನಿನ ತಾಕೆಯೂಚಿ ಮತ್ತು ಶಿಮಿಜು ಎಂಬ ವೈದ್ಯರು ಎರಡೂ ಬದಿಯ ಕ್ಯಾರೋಟಿಡ್ ಧಮನಿ ಸರಿಯಾಗಿ ಬೆಳೆದಿಲ್ಲ ಎಂಬರ್ಥದಲ್ಲಿ ಮೊದಲ ವರದಿ ಕೊಟ್ಟರು. 1969ರಲ್ಲಿ ಸೆಂಡಾಯ್‌ನ ಸುಜುಕಿ ಮತ್ತು ತಕಾಕು ಇದು ಹುಟ್ಟಿನಿಂದ ಬಂದ ದೋಷವಲ್ಲ, ಹಂತಹಂತವಾಗಿ ಮುಂದುವರಿಯುವ ಕಾಯಿಲೆ ಎಂದು ತೋರಿಸಿ ಆರು ಹಂತಗಳನ್ನು ಗುರುತಿಸಿದರು. ಆ ಆರು ಹಂತಗಳನ್ನು ನಾವು ಇವತ್ತಿಗೂ ಬಳಸುತ್ತೇವೆ. ಅದರಲ್ಲಿ ನನಗೆ ಸದಾ ಸೋಜಿಗವೆನಿಸುವ ಸಂಗತಿ ಒಂದಿದೆ: ಆ ಹೊಗೆ ಮಧ್ಯದ ಹಂತಗಳಲ್ಲಿ ದಟ್ಟವಾಗಿದ್ದು, ಕೊನೆಯ ಹಂತಗಳಲ್ಲಿ ಕರಗಿಹೋಗುತ್ತದೆ. ಆಗ ಮಿದುಳು ಹೊರ ಕ್ಯಾರೋಟಿಡ್‌ನಿಂದ, ಎಂದರೆ ಮುಖ ಮತ್ತು ನೆತ್ತಿಗೆ ರಕ್ತ ಕೊಡುವ ನಾಳಗಳಿಂದ, ತನಗೆ ತಾನೇ ದಾರಿ ಮಾಡಿಕೊಂಡಿರುತ್ತದೆ. ಶಸ್ತ್ರಚಿಕಿತ್ಸಕರು ಇವತ್ತು ಮಾಡುವ ಕೆಲಸಕ್ಕೆ ಸುಳಿವು ಸಿಕ್ಕಿದ್ದೇ ಅಲ್ಲಿ.

ಮೊದಲ ಕೆಲವು ವರ್ಷ ಇದು ಜಪಾನೀಯರ ಕಾಯಿಲೆ ಎಂದೇ ಜನ ನಂಬಿದ್ದರು. ಆಮೇಲೆ ಒಂದೊಂದಾಗಿ ಬೇರೆ ದೇಶಗಳಿಂದ ವರದಿ ಬಂತು, ಈಗ ಎಲ್ಲ ಖಂಡಗಳಿಂದಲೂ ಬಂದಿದೆ. ಆದರೆ ಮೊದಲ ಅಭಿಪ್ರಾಯದ ನೆರಳು ಸುಲಭವಾಗಿ ಹೋಗುವುದಿಲ್ಲ. ‘ಇದು ಪೂರ್ವ ಏಷ್ಯಾದ ಕಾಯಿಲೆ’ ಎಂದು ಓದಿಕೊಂಡ ವೈದ್ಯರ ಮುಂದೆ ಬಿಳಿ ಜನಾಂಗದ ಮೂವತ್ತೈದರ ಹೆಂಗಸು ಕೈ ಜೋಮು, ತಲೆನೋವು, ಎಂಆರ್‌ಐಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ ಹಿಡಿದುಕೊಂಡು ಬಂದರೆ ಏನಾಗುತ್ತದೆ? ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಗ್ರೇನ್, ರಕ್ತನಾಳದ ಉರಿಯೂತ, ಇವೆಲ್ಲ ಮೊದಲು ಹೊಳೆಯುತ್ತವೆ. ರಕ್ತನಾಳಗಳ ಚಿತ್ರ ತೆಗೆಯದೆ ವರ್ಷಗಳು ಕಳೆದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಬೇಕಿಲ್ಲದ ಔಷಧ ತೆಗೆದುಕೊಂಡವರಿದ್ದಾರೆ. ಜನಾಂಗದ ಹೆಸರು ಒಬ್ಬರನ್ನು ಬೇಗ ಗುರುತಿಸಲು ನೆರವಾದಾಗಲೆಲ್ಲ ಇನ್ನೊಬ್ಬರನ್ನು ಮರೆಮಾಡುವ ಅಪಾಯವೂ ಇರುತ್ತದೆ.

ಅಂಕಿಗಳನ್ನು ನೋಡೋಣ, ಹೆಚ್ಚೇನಿಲ್ಲ. ಜಪಾನಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ 1994ರಲ್ಲಿ ಅಂದಾಜು 3,900 ರೋಗಿಗಳಿದ್ದರು. 2003ರಲ್ಲಿ ಅದು 7,700. ಎಂದರೆ ಲಕ್ಷಕ್ಕೆ ಸುಮಾರು 6 ಜನ. ಒಂಬತ್ತು ವರ್ಷದಲ್ಲಿ ಒಂದು ದೇಶದ ಜನಾಂಗ ಬದಲಾಗಲಿಲ್ಲ, ಜೀನ್‌ಗಳು ಬದಲಾಗಲಿಲ್ಲ. ರೋಗಿಗಳ ಸಂಖ್ಯೆ ಮಾತ್ರ ಹತ್ತಿರ ಹತ್ತಿರ ಇಮ್ಮಡಿಯಾಯಿತು. ಅದರಲ್ಲಿ ದೊಡ್ಡ ಪಾಲು ಎಂಆರ್ ಆಂಜಿಯೋಗ್ರಫಿಯದು, ಸೂಜಿ ಚುಚ್ಚದೆ ರಕ್ತನಾಳ ನೋಡುವ ಸೌಲಭ್ಯದ್ದು. ಹುಡುಕಿದಲ್ಲಿ ಸಿಗುತ್ತದೆ. ದೇಶದಿಂದ ದೇಶಕ್ಕೆ ಅಂಕಿ ಹೋಲಿಸುವಾಗ ಈ ಮಾತು ನೆನಪಿರಲಿ, ಎಷ್ಟು ಕಡೆ ಸ್ಕ್ಯಾನ್ ಇದೆ, ಎಷ್ಟು ಜನರಿಗೆ ಕೈಗೆಟುಕುತ್ತದೆ ಎನ್ನುವುದೂ ಆ ಅಂಕಿಯೊಳಗೆ ಸೇರಿಕೊಂಡಿರುತ್ತದೆ.

ಇದಕ್ಕೇ ಅಮೆರಿಕದ ಒಂದು ಅಧ್ಯಯನ ನನಗೆ ಮುಖ್ಯವೆನಿಸುತ್ತದೆ. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳಲ್ಲಿ 1987ರಿಂದ 1998ರವರೆಗೆ ಆಸ್ಪತ್ರೆಗೆ ದಾಖಲಾದ 298 ರೋಗಿಗಳ ಲೆಕ್ಕ ಅದು, 2005ರಲ್ಲಿ ಪ್ರಕಟವಾಯಿತು. ಒಟ್ಟಾರೆ ವರ್ಷಕ್ಕೆ ಲಕ್ಷಕ್ಕೆ 0.086 ಹೊಸ ರೋಗಿಗಳು. ಬಿಳಿಯರಿಗೆ ಹೋಲಿಸಿದರೆ ಏಷ್ಯಾ ಮೂಲದವರಲ್ಲಿ 4.6 ಪಟ್ಟು, ಕಪ್ಪು ಜನಾಂಗದವರಲ್ಲಿ 2.2 ಪಟ್ಟು, ಹಿಸ್ಪಾನಿಕ್ ಸಮುದಾಯದಲ್ಲಿ ಅರ್ಧದಷ್ಟು. ಅವವೇ ರಾಜ್ಯಗಳು, ಅದೇ ದಾಖಲೆ ಪದ್ಧತಿ, ಆದರೂ ಇಷ್ಟು ಅಂತರ. ಆದ್ದರಿಂದ ವ್ಯತ್ಯಾಸ ಬರೀ ಎಣಿಕೆಯ ತಪ್ಪಲ್ಲ.

ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ‘ಏಷ್ಯಾ ಮೂಲ’ ಎಂಬ ಒಂದು ಚೌಕದಲ್ಲಿ ಜಪಾನೀಯರು, ಕೊರಿಯನ್ನರು, ಚೀನೀಯರು, ಫಿಲಿಪೀನ್ಸಿನವರು, ವಿಯೆಟ್ನಾಮಿನವರು, ಭಾರತೀಯರು ಎಲ್ಲರೂ ಇದ್ದಾರೆ. ‘ಕಪ್ಪು’ ಎಂಬ ಚೌಕದಲ್ಲಿ ಸಿಕಲ್ ಸೆಲ್ ಇರುವವರೂ ಇಲ್ಲದವರೂ ಇದ್ದಾರೆ. 4.6 ಮತ್ತು 2.2 ಎಂಬ ಎರಡು ಅಂಕಿಗಳು ಅಕ್ಕಪಕ್ಕ ಕೂತಿವೆ, ಒಂದೇ ಬಗೆಯ ಕಾರಣ ಎರಡಕ್ಕೂ ಇರಬೇಕು ಎಂದು ಅನಿಸುತ್ತದೆ. ಹಾಗಲ್ಲ. ಎರಡಕ್ಕೂ ಬೇರೆ ಬೇರೆ ಕಾರಣ ಇರುವುದು ಆಮೇಲೆ ಗೊತ್ತಾಯಿತು.

ಮೊದಲನೆಯ ಅಂಕಿಯ ಹಿಂದಿರುವುದು ಒಂದು ಜೀನ್. 2011ರಲ್ಲಿ ತೊಹೊಕು ವಿಶ್ವವಿದ್ಯಾಲಯದ ತಂಡ ಮತ್ತು ಕ್ಯೋಟೊ ವಿಶ್ವವಿದ್ಯಾಲಯದ ತಂಡ, ಎರಡೂ ಒಂದೇ ವರ್ಷದಲ್ಲಿ, 17ನೇ ಕ್ರೋಮೋಸೋಮಿನ ತುದಿಯ ಆರ್‌ಎನ್‌ಎಫ್213 ಎಂಬ ಜೀನನ್ನು ಹಿಡಿದವು. ಅದು ಬಹಳ ದೊಡ್ಡ ಪ್ರೋಟೀನನ್ನು ತಯಾರಿಸುವ ಜೀನ್. ಕೆಲವರಲ್ಲಿ ಆ ಪ್ರೋಟೀನಿನ 4810ನೇ ಜಾಗದಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲ ಇರಬೇಕಾದಲ್ಲಿ ಲೈಸೀನ್ ಎಂಬ ಇನ್ನೊಂದು ಬಂದಿರುತ್ತದೆ. ಅಷ್ಟೇ ಬದಲಾವಣೆ. ಜಪಾನಿನ ಮೊಯಾಮೊಯಾ ರೋಗಿಗಳಲ್ಲಿ ಬಹುಪಾಲು ಜನರಲ್ಲಿ, ಹಲವು ವರದಿಗಳ ಪ್ರಕಾರ ನೂರಕ್ಕೆ 80ಕ್ಕೂ ಮೀರಿ, ಇದು ಸಿಗುತ್ತದೆ. ಕೊರಿಯಾದಲ್ಲೂ ಬಹಳ ಹೆಚ್ಚು. ಚೀನಾದ ರೋಗಿಗಳಲ್ಲಿ ಅದಕ್ಕಿಂತ ತುಂಬ ಕಡಿಮೆ. ಯುರೋಪ್ ಮೂಲದ ರೋಗಿಗಳಲ್ಲಿ ಈ ಬದಲಾವಣೆ ಕಾಣುವುದೇ ಇಲ್ಲ ಎನ್ನಬಹುದು. ಅವರಲ್ಲಿ ಕೆಲವರಿಗೆ ಅದೇ ಜೀನಿನಲ್ಲಿ ಬೇರೆ ಬೇರೆ ಜಾಗದ ಅಪರೂಪದ ಬದಲಾವಣೆಗಳಿವೆ.

ಜಪಾನ್, ಕೊರಿಯಾ, ಚೀನಾಗಳ ರೋಗಿಗಳಲ್ಲಿ ಈ ಬದಲಾವಣೆಯ ಸುತ್ತಮುತ್ತಲಿನ ಜೀನ್ ಅಕ್ಷರಗಳೂ ಒಂದೇ ಕ್ರಮದಲ್ಲಿವೆ. ಎಂದರೆ ಇದು ಬಹಳ ಹಿಂದೆ ಬದುಕಿದ್ದ ಒಬ್ಬ ಪೂರ್ವಜರಿಂದ ಹರಡಿದ್ದು. ಒಂದು ಮನೆತನದಲ್ಲಿ ಹುಟ್ಟಿ, ತಲೆಮಾರುಗಳ ವಲಸೆಯಲ್ಲಿ ಸಾಗಿ ಬಂದ ಒಂದು ಅಕ್ಷರ ಬದಲಾವಣೆ. ಪೂರ್ವ ಏಷ್ಯಾದಲ್ಲಿ ಇದು ಹೆಚ್ಚು ಎನ್ನುವಾಗ ನಾವು ಹೇಳುತ್ತಿರುವುದು ಆ ವಲಸೆಯ ಭೂಪಟವನ್ನು. ಕಣ್ಣಿನ ಆಕಾರ, ಚರ್ಮದ ಬಣ್ಣ ಯಾವುದಕ್ಕೂ ಇದರೊಂದಿಗೆ ಸಂಬಂಧವಿಲ್ಲ.

ಇಲ್ಲಿ ಒಂದು ಲೆಕ್ಕ ಹಾಕೋಣ, ವಿದ್ಯಾರ್ಥಿಗಳಿಗೆ ಇಷ್ಟವಾಗಬಹುದು. ಜಪಾನಿನ ಆರೋಗ್ಯವಂತ ಜನರಲ್ಲಿ ನೂರಕ್ಕೆ 1ರಿಂದ 2 ಜನ ಈ ಬದಲಾವಣೆಯನ್ನು ಹೊತ್ತಿದ್ದಾರೆ. ಆ ದೇಶದ ಜನಸಂಖ್ಯೆ 2003ರಲ್ಲಿ ಸುಮಾರು 12.7 ಕೋಟಿ. ಎಂದರೆ ಹನ್ನೆರಡು ಲಕ್ಷದಿಂದ ಇಪ್ಪತ್ತೈದು ಲಕ್ಷ ಜನ. ರೋಗಿಗಳು ಎಷ್ಟಿದ್ದರು? 7,700. ಹಾಗಾದರೆ ಈ ಬದಲಾವಣೆ ಹೊತ್ತ ಸುಮಾರು ಇನ್ನೂರು ಮುನ್ನೂರು ಜನರಲ್ಲಿ ಒಬ್ಬರಿಗೆ ಕಾಯಿಲೆ. ಉಳಿದವರು ಅದರ ಸುಳಿವೂ ಇಲ್ಲದೆ ಬದುಕು ಮುಗಿಸುತ್ತಾರೆ. ಜೀನ್ ಬದಲಾವಣೆ ಇದ್ದ ಮಾತ್ರಕ್ಕೆ ಕಾಯಿಲೆ ಬರುವುದಿಲ್ಲ, ಮೇಲೆ ಇನ್ನೊಂದು ಪೆಟ್ಟು ಬೇಕು. ಅದು ಸೋಂಕೋ, ಉರಿಯೂತವೋ, ಇನ್ನೊಂದು ಜೀನೋ ಎಂಬ ಹುಡುಕಾಟ ನಡೆಯುತ್ತಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಈ ಬದಲಾವಣೆ ಬಂದ ಮಕ್ಕಳಲ್ಲಿ ಮಾತ್ರ ಕಾಯಿಲೆ ತೀರಾ ಎಳೆಯ ವಯಸ್ಸಿನಲ್ಲಿ, ತೀವ್ರವಾಗಿ ಬರುತ್ತದೆ ಎಂಬುದು ಜಪಾನಿನ ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ.

ಇದರಿಂದ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು. ಪೂರ್ವ ಏಷ್ಯಾದಲ್ಲಿ ಮಕ್ಕಳಲ್ಲೇ ಕಾಯಿಲೆ ಕಾಣಿಸಿಕೊಳ್ಳುವುದೇಕೆ, ಅಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ರೋಗಿಗಳಿಗೆ ಕುಟುಂಬದಲ್ಲಿ ಇನ್ನೊಬ್ಬ ರೋಗಿ ಇರುವುದೇಕೆ ಎಂದು ಈಗ ಬಹುಮಟ್ಟಿಗೆ ಅರ್ಥವಾಗುತ್ತದೆ. ಇನ್ನೊಂದು ಪ್ರಶ್ನೆ ಮಾತ್ರ ಇನ್ನಷ್ಟು ಬಿಗಿಯಾಯಿತು, ಅದೇ ರಕ್ತಸ್ರಾವದ್ದು.

ಏಷ್ಯಾದ ವಯಸ್ಕ ರೋಗಿಗಳಲ್ಲಿ, ಹಲವು ವರದಿಗಳಲ್ಲಿ, ಮೂರರಲ್ಲೊಬ್ಬರಿಂದ ಹಿಡಿದು ಅರ್ಧದಷ್ಟು ಜನರಿಗೆ ಮಿದುಳಿನ ರಕ್ತಸ್ರಾವವಾಗುತ್ತದೆ. ಅಮೆರಿಕದ ವಯಸ್ಕರಲ್ಲಿ ಸುಮಾರು ಐದರಲ್ಲೊಬ್ಬರಿಗೆ. 2008ರಲ್ಲಿ ಜರ್ಮನಿಯಿಂದ ಬಂದ ಬಿಳಿ ಜನಾಂಗದ 21 ರೋಗಿಗಳ ವರದಿಯಲ್ಲಿ ರಕ್ತದ ಕೊರತೆಯ ಪಾರ್ಶ್ವವಾಯುವೇ ಮುಖ್ಯ ಚಿತ್ರ. ಆರ್‌ಎನ್‌ಎಫ್213 ಇದನ್ನು ವಿವರಿಸುತ್ತದೆ ಎಂದು ಎಲ್ಲರೂ ಕಾದರು. ಆದರೆ ಕೊರಿಯಾ, ಚೀನಾಗಳ ರೋಗಿಗಳನ್ನು ಜೀನ್ ಬದಲಾವಣೆ ಇದ್ದವರು, ಇಲ್ಲದವರು ಎಂದು ಬೇರ್ಪಡಿಸಿ ನೋಡಿದಾಗ, ಬದಲಾವಣೆ ಹೊತ್ತವರಲ್ಲಿ ಹೆಚ್ಚಾಗಿ ಕಂಡದ್ದು ಎಳೆ ವಯಸ್ಸಿನ ಆರಂಭ, ಹಿಂಬದಿಯ ರಕ್ತನಾಳಗಳಿಗೂ ಹಬ್ಬುವುದು, ಮತ್ತು ರಕ್ತದ ಕೊರತೆಯ ಪಾರ್ಶ್ವವಾಯು. ರಕ್ತಸ್ರಾವ ಅಲ್ಲ! ಎಂದರೆ ಏಷ್ಯಾದ ವಯಸ್ಕರಲ್ಲಿ ರಕ್ತಸ್ರಾವ ಹೆಚ್ಚೇಕೆ ಎಂಬುದಕ್ಕೆ ಏಷ್ಯಾದ ಆ ಪ್ರಸಿದ್ಧ ಜೀನ್ ಉತ್ತರವಾಗಲಿಲ್ಲ. ‘ಜನಾಂಗೀಯ ವ್ಯತ್ಯಾಸ’ ಎಂದು ಒಂದೇ ಗಂಟು ಕಟ್ಟಿಟ್ಟಿದ್ದರಲ್ಲಿ ಕನಿಷ್ಠ ಎರಡು ಬೇರೆ ಎಳೆಗಳಿದ್ದವು. ಒಂದನ್ನು ಬಿಡಿಸಿದ್ದೇವೆ, ಒಂದು ಹಾಗೇ ಇದೆ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ, ಏಕೆಂದರೆ ರಕ್ತಸ್ರಾವವೇ ವಯಸ್ಕ ರೋಗಿಯ ಜೀವ ತೆಗೆಯುವುದು.

ಸ್ವಲ್ಪ ಪಕ್ಕಕ್ಕೆ ಸರಿದು ವ್ಯಾಖ್ಯೆಯ ಬಗ್ಗೆ ಒಂದು ಮಾತು. ಜಪಾನಿನ ಸಂಶೋಧನಾ ಸಮಿತಿ ರೂಪಿಸಿದ ನಿಯಮವನ್ನೇ ಜಗತ್ತು ಅನುಸರಿಸುತ್ತ ಬಂದಿದೆ. ಬಹುಕಾಲ ಆ ನಿಯಮದಲ್ಲಿ ಎರಡೂ ಬದಿಯ ಧಮನಿ ಕಿರಿದಾಗಿರಬೇಕು ಎಂದಿತ್ತು. ಒಂದೇ ಬದಿ ಕಿರಿದಾದವರು ‘ಸಂಭವನೀಯ’ ಎಂಬ ಪಟ್ಟಿಗೆ ಹೋಗುತ್ತಿದ್ದರು, ಎಷ್ಟೋ ಅಧ್ಯಯನಗಳಿಂದ ಹೊರಗೇ ಉಳಿಯುತ್ತಿದ್ದರು. ಇತ್ತೀಚಿನ ಪರಿಷ್ಕರಣೆಗಳಲ್ಲಿ, 2021ರದೂ ಸೇರಿದಂತೆ, ಒಂದೇ ಬದಿಯದನ್ನೂ ಒಪ್ಪಿಕೊಂಡಿದ್ದಾರೆ. ಯಾರನ್ನು ರೋಗಿ ಎಂದು ಕರೆಯಬೇಕು ಎಂಬ ಗೆರೆ ಸರಿದಾಗ, ಯಾವ ಜನರಲ್ಲಿ ಎಷ್ಟು ಎಂಬ ಅಂಕಿಯೂ ಸರಿಯುತ್ತದೆ. ಹಳೆಯ ಹೋಲಿಕೆಗಳನ್ನು ಓದುವಾಗ ಆ ಲೇಖನ ಯಾವ ವರ್ಷದ್ದು, ಯಾವ ಗೆರೆ ಎಳೆದುಕೊಂಡು ಎಣಿಸಿತ್ತು ಎಂದು ನೋಡಿಕೊಳ್ಳಿ.

ಈಗ ಎರಡನೆಯ ಅಂಕಿಗೆ, ಕಪ್ಪು ಜನಾಂಗದವರ 2.2ಕ್ಕೆ ಬರೋಣ. ಈ ಭಾಗವನ್ನು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣ ಕುಡಗೋಲಿನ ಆಕಾರಕ್ಕೆ ತಿರುಗಿ ಗಡುಸಾಗುತ್ತದೆ, ರಕ್ತನಾಳದ ಒಳಪದರವನ್ನು ಉಜ್ಜಿ ಗಾಯಮಾಡುತ್ತದೆ. ವರ್ಷಗಳು ಕಳೆದಂತೆ ಅದೇ ಒಳ ಕ್ಯಾರೋಟಿಡ್‌ನ ಕವಲಿನಲ್ಲಿ ಕಿರಿದಾಗುವಿಕೆ, ಅದೇ ಹೊಗೆ. ಇದನ್ನು ಮೊಯಾಮೊಯಾ ಸಿಂಡ್ರೋಮ್ ಎನ್ನುತ್ತೇವೆ, ಎಂದರೆ ಇನ್ನೊಂದು ಕಾಯಿಲೆಯ ಬೆನ್ನಿಗೆ ಬಂದದ್ದು. ನ್ಯೂರೋಫೈಬ್ರೊಮಟೋಸಿಸ್ (ಚರ್ಮದ ಮೇಲೆ ಕಾಫಿ ಬಣ್ಣದ ಮಚ್ಚೆ, ನರಗಳಲ್ಲಿ ಗಡ್ಡೆ ಬರುವ ಕಾಯಿಲೆ), ಡೌನ್ ಸಿಂಡ್ರೋಮ್, ಮಕ್ಕಳ ತಲೆಗೆ ಕೊಟ್ಟ ವಿಕಿರಣ ಚಿಕಿತ್ಸೆ, ಇವುಗಳ ಬೆನ್ನಿಗೂ ಹೀಗೆಯೇ ಬರುತ್ತದೆ. ಸಿಕಲ್ ಸೆಲ್‌ನ ತೀವ್ರ ಬಗೆ ಇರುವ ಮಕ್ಕಳಲ್ಲಿ, ಚಿಕಿತ್ಸೆ ಬದಲಾಗುವ ಮುನ್ನ, 20 ವರ್ಷ ತುಂಬುವುದರೊಳಗೆ ನೂರರಲ್ಲಿ 11 ಜನರಿಗೆ ಪಾರ್ಶ್ವವಾಯು ಆಗುತ್ತಿತ್ತು. ಕಪ್ಪು ಜನಾಂಗದ ರೋಗಿಗಳಲ್ಲಿ ಮೊಯಾಮೊಯಾ ಹೆಚ್ಚು ಎಂಬುದರ ಹಿಂದೆ ಇದರ ಪಾಲು ದೊಡ್ಡದು.

ಸಿಕಲ್ ಸೆಲ್ ಜೀನ್ ಕಪ್ಪು ಚರ್ಮದ ಜೀನ್ ಅಲ್ಲ, ಮಲೇರಿಯಾದ ಭೂಪಟದ ಜೀನ್. ಅದನ್ನು ಅಪ್ಪ ಅಮ್ಮರಲ್ಲಿ ಒಬ್ಬರಿಂದ ಮಾತ್ರ ಪಡೆದ ಮಕ್ಕಳು ಮಲೇರಿಯಾದಿಂದ ಬದುಕುಳಿಯುವ ಸಾಧ್ಯತೆ ಹೆಚ್ಚು. ಅದರಿಂದಾಗಿ ಮಲೇರಿಯಾ ಇದ್ದ ಕಡೆಯೆಲ್ಲ ಅದು ಉಳಿಯಿತು: ಆಫ್ರಿಕಾದ ಬಹುಭಾಗ, ಮೆಡಿಟರೇನಿಯನ್ ತೀರ, ಅರೇಬಿಯಾ, ಭಾರತದ ಹಲವು ಆದಿವಾಸಿ ಸಮುದಾಯಗಳು. ‘ಕಪ್ಪು ಜನಾಂಗದವರಿಗೆ ಬರುತ್ತದೆ’ ಎಂದು ಕಲಿತ ವೈದ್ಯರು ಗ್ರೀಸಿನ ಮಗುವಿನಲ್ಲೋ ಮಧ್ಯ ಭಾರತದ ಆದಿವಾಸಿ ಮಗುವಿನಲ್ಲೋ ಇದನ್ನು ನೆನೆಯದೆ ಹೋಗಬಹುದು. ಇನ್ನೊಂದು ಕಡೆ, ಸಿಕಲ್ ಸೆಲ್ ಇಲ್ಲದ ಕಪ್ಪು ಜನಾಂಗದ ರೋಗಿಗೆ ಇರುವ ಮೊಯಾಮೊಯಾಗೆ ಬೇರೆಯೇ ಕಾರಣ ಹುಡುಕಬೇಕಾದಲ್ಲಿ ಹುಡುಕದೆ ಬಿಡಬಹುದು.

ಕಾರಣ ಗೊತ್ತಾದರೆ ಏನು ಲಾಭ ಎಂದು ಕೇಳುತ್ತೀರಾ? 1998ರಲ್ಲಿ ಪ್ರಕಟವಾದ ಸ್ಟಾಪ್ ಎಂಬ ಪ್ರಯೋಗ ನೋಡಿ. ಸಿಕಲ್ ಸೆಲ್ ಇರುವ ಮಕ್ಕಳ ಕಣತಲೆಯ ಮೇಲೆ ಅಲ್ಟ್ರಾಸೌಂಡ್ ಹಿಡಿದು, ಮಿದುಳಿನ ಧಮನಿಯಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅಳೆದರು. ನಾಳ ಕಿರಿದಾದಷ್ಟೂ ವೇಗ ಹೆಚ್ಚು. ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಅಥವಾ ದಾಟಿದ 130 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಯಮಿತವಾಗಿ ರಕ್ತ ಕೊಟ್ಟರು. ಆ ಗುಂಪಿನಲ್ಲಿ ಪಾರ್ಶ್ವವಾಯು ನೂರಕ್ಕೆ 92ರಷ್ಟು ಇಳಿಯಿತು. ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ ಎಲ್ಲ ಮಕ್ಕಳಿಗೂ ರಕ್ತ ಕೊಡಬೇಕಾಯಿತು. ಒಂದು ಅಲ್ಟ್ರಾಸೌಂಡ್, ನೋವಿಲ್ಲ, ಅರ್ಧ ಗಂಟೆಯ ಕೆಲಸ. ಆದರೂ ಅಮೆರಿಕದಂಥ ದೇಶದಲ್ಲೇ ಈ ಪರೀಕ್ಷೆ ಪ್ರತಿ ವರ್ಷ ಆಗಬೇಕಾದ ಮಕ್ಕಳಲ್ಲಿ ದೊಡ್ಡ ಪಾಲಿಗೆ ಅದು ಸಿಗುತ್ತಿಲ್ಲ ಎಂದು ಅಲ್ಲಿನ ಅಧ್ಯಯನಗಳೇ ಹೇಳುತ್ತವೆ. ಪರೀಕ್ಷೆ ತಪ್ಪಿದ ಮಗುವಿಗೆ ಪಾರ್ಶ್ವವಾಯು ಆದರೆ, ಆ ಮಗುವಿನ ಹೆಸರು ಕೂಡ ನಾಳೆ ‘ಜನಾಂಗೀಯ ವ್ಯತ್ಯಾಸ’ ಎಂಬ ಅಂಕಿಯಲ್ಲಿ ಸೇರಿಹೋಗುತ್ತದೆ. ಅದು ರಕ್ತನಾಳದ ವ್ಯತ್ಯಾಸವಲ್ಲ, ನಮ್ಮ ವ್ಯವಸ್ಥೆ ಆ ಮಗುವಿಗೆ ಮಾಡಿದ ಅನ್ಯಾಯ. ಎರಡನ್ನೂ ಒಂದೇ ಪದದಲ್ಲಿ ಕರೆಯುವುದನ್ನು ನಾವು ನಿಲ್ಲಿಸಬೇಕು.

ಚಿಕಿತ್ಸೆಯ ಮಾತಿಗೆ ಬಂದರೂ ಇದೇ ಗೋಜಲು. ಕಿರಿದಾದ ಧಮನಿಯನ್ನು ಮತ್ತೆ ಅಗಲ ಮಾಡುವ ಔಷಧ ಇಲ್ಲ. ಇರುವುದು ಬೈಪಾಸ್: ನೆತ್ತಿಯ ಚರ್ಮದ ರಕ್ತನಾಳವನ್ನು ನೇರವಾಗಿ ಮಿದುಳಿನ ರಕ್ತನಾಳಕ್ಕೆ ಹೊಲಿಯುವುದು ಒಂದು ಬಗೆ. ಆ ನಾಳವನ್ನೋ ಸ್ನಾಯುವನ್ನೋ ಮಿದುಳಿನ ಮೇಲೆ ಒರಗಿಸಿಟ್ಟು, ತಿಂಗಳುಗಳಲ್ಲಿ ಹೊಸ ನಾಳಗಳು ತಾವೇ ಬೆಳೆಯಲು ಬಿಡುವುದು ಇನ್ನೊಂದು ಬಗೆ. ಎರಡನೆಯದು ಮಕ್ಕಳಲ್ಲಿ ಚೆನ್ನಾಗಿ ಕೈಹಿಡಿಯುತ್ತದೆ. ರಕ್ತಸ್ರಾವವಾದ ವಯಸ್ಕರಿಗೆ ಬೈಪಾಸ್ ಮಾಡಬೇಕೆ ಎಂಬುದಕ್ಕೆ ಜಪಾನಿನಲ್ಲಿ 80 ರೋಗಿಗಳ ಮೇಲೆ ಪ್ರಯೋಗ ನಡೆದು 2014ರಲ್ಲಿ ಫಲಿತಾಂಶ ಬಂತು. ಮತ್ತೆ ರಕ್ತಸ್ರಾವವಾದವರು ಬೈಪಾಸ್ ಗುಂಪಿನಲ್ಲಿ ನೂರಕ್ಕೆ 11.9, ಬೈಪಾಸ್ ಇಲ್ಲದ ಗುಂಪಿನಲ್ಲಿ 31.6. ಅಪರೂಪದ ಕಾಯಿಲೆಗೆ ಇಷ್ಟು ಶ್ರದ್ಧೆಯ ಪ್ರಯೋಗ ನಡೆದದ್ದೇ ದೊಡ್ಡದು, ಆ ವೈದ್ಯರಿಗೂ ರೋಗಿಗಳಿಗೂ ನಾವು ಋಣಿ. ಆದರೆ ಅದು ಪೂರ್ತಿ ಜಪಾನಿನ ರೋಗಿಗಳದ್ದು. ಯುರೋಪಿನಲ್ಲಿ ರಕ್ತಸ್ರಾವವೇ ಅಪರೂಪವಾದ್ದರಿಂದ ಅಲ್ಲಿ ಇಂಥ ಪ್ರಯೋಗ ನಡೆಸುವಷ್ಟು ರೋಗಿಗಳೇ ಸಿಗುವುದಿಲ್ಲ. ಹಾಗಾಗಿ ಅಲ್ಲಿಯ ವೈದ್ಯರು ಜಪಾನಿನ ಅಂಕಿಯನ್ನೇ ನೆಚ್ಚಿಕೊಂಡು ತೀರ್ಮಾನಿಸುತ್ತಾರೆ. ಬೇರೆ ದಾರಿಯಿಲ್ಲ.

ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ, ಹಾಗಾಗಿ ರಕ್ತಸ್ರಾವದ ಅಪಾಯ ಹೆಚ್ಚಿಸಬಲ್ಲ ಆಸ್ಪಿರಿನ್ ವಿಷಯದಲ್ಲೂ ಹೀಗೇ. ಏಷ್ಯಾದ ಆಚೆಯ ತಜ್ಞರು ದೀರ್ಘಕಾಲ ಆಸ್ಪಿರಿನ್ ಕೊಡುವ ಕಡೆಗೆ ವಾಲಿದ್ದಾರೆ, ಅವರು ದಿನವೂ ನೋಡುವುದು ರಕ್ತದ ಕೊರತೆಯ ಪಾರ್ಶ್ವವಾಯು. ರಕ್ತಸ್ರಾವ ನೋಡಿ ನೋಡಿ ಎಚ್ಚರಗೊಂಡಿರುವ ಏಷ್ಯಾದ ತಜ್ಞರಲ್ಲಿ ಹಲವರು ಹಿಂಜರಿಯುತ್ತಾರೆ. ಇಬ್ಬರೂ ತಮ್ಮ ಕಣ್ಣೆದುರಿನ ರೋಗಿಗೆ ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ತೊಡಕಾಗುವುದು ಕೊರಿಯಾ ಮೂಲದ ರೋಗಿ ಜರ್ಮನಿಯಲ್ಲಿದ್ದಾಗ, ತಾಯಿ ಜಪಾನಿನವರು, ತಂದೆ ಐರ್ಲೆಂಡಿನವರಾದ ಮಗು ಅಮೆರಿಕದಲ್ಲಿದ್ದಾಗ. ಆ ಮಗು ಯಾವ ಚೌಕಕ್ಕೆ ಸೇರಿದ್ದು? ಅರ್ಜಿಯಲ್ಲಿ ತಾಯಿ ಯಾವುದಕ್ಕೆ ಗುರುತು ಹಾಕಿದ್ದಾರೋ ಅದರ ಮೇಲೆ ಆಸ್ಪಿರಿನ್ ತೀರ್ಮಾನ ನಿಲ್ಲಬೇಕೆ? ರಕ್ತನಾಳಗಳ ಚಿತ್ರ ನೋಡಿ, ಮಿದುಳಿನ ಎಂಆರ್‌ಐಯಲ್ಲಿ ಹಳೆಯ ಸಣ್ಣ ರಕ್ತಸ್ರಾವದ ಗುರುತುಗಳಿವೆಯೇ ನೋಡಿ, ಬೇಕಾದರೆ ಜೀನ್ ನೋಡಿ. ಆ ಮಗುವಿನ ದೇಹವೇ ಉತ್ತರ ಕೊಡುವಾಗ ಅರ್ಜಿಯ ಚೌಕವನ್ನು ಕೇಳುವುದೇಕೆ?

ಜೀನ್ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಬಿಡಬಹುದಲ್ಲ ಎಂದು ಕೆಲವರಿಗೆ ಅನಿಸಿರಬಹುದು. ಆಗಲೇ ಲೆಕ್ಕ ಹಾಕಿದೆವು, ಜೀನ್ ಬದಲಾವಣೆ ಇದ್ದ ಇನ್ನೂರು ಮುನ್ನೂರು ಜನರಲ್ಲಿ ಒಬ್ಬರಿಗೆ ಕಾಯಿಲೆ. ಉಳಿದವರ ಬದುಕಿಗೆ ಕಾರಣವಿಲ್ಲದ ಭಯವನ್ನು ಹೊರಿಸಿದಂತಾಗುತ್ತದೆ, ಮುಂಚಿತವಾಗಿ ಕೊಡಲು ಔಷಧವೂ ಇಲ್ಲ. ರೋಗಿಯ ಅಣ್ಣ ತಮ್ಮ, ಅಕ್ಕ ತಂಗಿಯರಿಗೆ, ಅದರಲ್ಲೂ ಕುಟುಂಬದಲ್ಲಿ ಇಬ್ಬರಿಗಿಂತ ಹೆಚ್ಚು ರೋಗಿಗಳಿದ್ದರೆ, ಎಂಆರ್ ಆಂಜಿಯೋಗ್ರಫಿ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಹೆಚ್ಚು ಪ್ರಯೋಜನದ್ದು.

ರೋಗಿಯ ಇತಿಹಾಸ ಬರೆದುಕೊಳ್ಳುವ ಕಿರಿಯ ವೈದ್ಯರಿಗೆ ನಾನು ಹೇಳುವುದು ಇಷ್ಟು. ಜನಾಂಗ ಕೇಳುವುದು ತಪ್ಪಲ್ಲ, ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಅಜ್ಜ ಅಜ್ಜಿಯರು ಯಾವ ಪ್ರದೇಶದವರು, ಮನೆಯಲ್ಲಿ ಐವತ್ತು ದಾಟುವ ಮುನ್ನ ಯಾರಿಗಾದರೂ ಪಾರ್ಶ್ವವಾಯು ಆಗಿತ್ತೇ, ಸಿಕಲ್ ಸೆಲ್ ಪರೀಕ್ಷೆ ಆಗಿದೆಯೇ, ಚರ್ಮದ ಮೇಲೆ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿವೆಯೇ, ಚಿಕ್ಕಂದಿನಲ್ಲಿ ತಲೆಗೆ ವಿಕಿರಣ ಕೊಟ್ಟಿದ್ದರೇ, ಕೇಳಿ. ಇವುಗಳಲ್ಲಿ ಒಂದೊಂದರ ಉತ್ತರವೂ ಚಿಕಿತ್ಸೆಯನ್ನು ಬದಲಿಸಬಲ್ಲದು.

ಕೊನೆಗೆ, ಈ ಕಾಯಿಲೆ ಇರುವವರ ಮನೆಯವರಿಗೆ ಒಂದಿಷ್ಟು ವಿಷಯ. ಇದು ಯಾವ ದೇಶದವರಿಗೂ ಬೇರೆಯಾಗುವುದಿಲ್ಲ. ದೇಹದಲ್ಲಿ ನೀರು ಕಡಿಮೆಯಾಗಲು ಬಿಡಬೇಡಿ. ಜ್ವರ, ವಾಂತಿ ಭೇದಿ ಬಂದ ಮಗುವಿಗೆ ಬೇಗ ನೀರಿನಂಶ ಕೊಡಿಸಿ, ಬಾಯಿಂದ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೇರೆ ಯಾವುದೋ ಕಾರಣಕ್ಕೆ, ಹರ್ನಿಯಾಗೋ ಹಲ್ಲಿಗೋ, ಅರಿವಳಿಕೆ ಕೊಡುವ ಸಂದರ್ಭ ಬಂದರೆ ಅರಿವಳಿಕೆ ತಜ್ಞರಿಗೆ ಮೊದಲೇ ಈ ಕಾಯಿಲೆಯ ಹೆಸರು ಹೇಳಿ. ರಕ್ತದೊತ್ತಡ ಇಳಿಯದಂತೆ, ಇಂಗಾಲದ ಡೈಆಕ್ಸೈಡ್ ತಗ್ಗದಂತೆ ಅವರು ನೋಡಿಕೊಳ್ಳಬೇಕಾಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ, ಕಿರಿದಾದ ನಾಳದ ಆಚೆಗೆ ರಕ್ತ ತಲುಪಲು ಒಂದು ಮಟ್ಟದ ಒತ್ತಡ ಬೇಕು. ಮಗುವಿನ ಶಾಲೆಗೂ ಒಂದು ಚೀಟಿ ಬರೆದುಕೊಡಿ: ಅತ್ತಾಗ ಅಥವಾ ಓಡಿ ಏದುಸಿರು ಬಿಟ್ಟಾಗ ಕೈಕಾಲು ಸೋತರೆ ಮಲಗಿಸಿ, ಸಮಾಧಾನ ಮಾಡಿ, ನಿಧಾನವಾಗಿ ಉಸಿರಾಡಿಸಿ, ಐದು ನಿಮಿಷದಲ್ಲಿ ಸರಿಹೋದರೂ ಮನೆಗೆ ಫೋನ್ ಮಾಡಿ, ಸರಿಹೋಗದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದು.